ಸೋಬಾನೆಗೆ ಎಷ್ಟು ಮೈಕು?

ಮನೆಯಲ್ಲೇ ಹಾಡು ರೆಕಾರ್ಡ್ ಮಾಡಬೇಕು ಅಂತ ಹೊರಟವರು ಮೊದಲು ಮಾಡುವ ಕೆಲಸ ಪಟ್ಟಿ ಬರೆಯುವುದು. ನಾನೂ ಬರೆದೆ. ಒಂದು ಮೈಕು, ಅದಕ್ಕೊಂದು ಸ್ಟ್ಯಾಂಡು, ಮೈಕಿನ ದನಿಯನ್ನು ಲ್ಯಾಪ್‌ಟಾಪಿಗೆ ದಾಟಿಸುವ ಆಡಿಯೋ ಇಂಟರ್‌ಫೇಸ್ ಎಂಬ ಪೆಟ್ಟಿಗೆ, ಒಂದು ಹೆಡ್‌ಫೋನು, ಎರಡು ಕೇಬಲ್ಲು, ಒಂದು ಸಾಫ್ಟ್‌ವೇರು. ಕೂಡಿ ನೋಡಿದರೆ ಮೊತ್ತ 31,000 ರೂಪಾಯಿ ದಾಟಿತ್ತು. ನನ್ನ ಕೈಯಲ್ಲಿದ್ದದ್ದು ಚೀಟಿ ಎತ್ತಿ ಬಂದ 18,000. ಹಾಗಾಗಿ ಪಟ್ಟಿಯಿಂದ ಏನನ್ನು ತೆಗೆಯುವುದು ಎಂಬ ಪ್ರಶ್ನೆಯಿಂದಲೇ ನನ್ನ ಪಾಠ ಶುರುವಾಯಿತು. ಒಂದು ವಸ್ತುವನ್ನು ಪಟ್ಟಿಯಿಂದ ತೆಗೆಯಬೇಕಾದರೆ ಅದು ಏನು ಮಾಡುತ್ತದೆ, ಅದಿಲ್ಲದಿದ್ದರೆ ಹಾಡಿಗೆ ಏನಾಗುತ್ತದೆ ಅಂತ ಮೊದಲು ತಿಳಿಯಬೇಕಲ್ಲ.

ನನ್ನ ಮನೆ ನಂಜನಗೂಡಿನಲ್ಲಿ, ಕೆಲಸ ತಿ. ನರಸೀಪುರದಲ್ಲಿ. ದಿನವೂ ಸುತ್ತೂರಿನ ಮೇಲೆ ಹೋಗುವ ಬಸ್ಸು. ನಂಜನಗೂಡಿನಲ್ಲಿ ಬೆಳಿಗ್ಗೆ ಕಂಡ ಕಪಿಲೆ, ನರಸೀಪುರದಲ್ಲಿ ಕಾವೇರಿಯನ್ನು ಕೂಡುವುದನ್ನು ಮಧ್ಯಾಹ್ನ ಊಟದ ಹೊತ್ತಿಗೆ ನೋಡಬಹುದು. ನನ್ನ ದೊಡ್ಡವ್ವ ಇರುವುದು ನರಸೀಪುರಕ್ಕೆ ಹತ್ತಿರದ ಒಂದು ಹಳ್ಳಿಯಲ್ಲಿ. ಅವಳಿಗೀಗ ಎಪ್ಪತ್ತೆರಡು. ನಲವತ್ತು ವರ್ಷದಿಂದ ಅವಳೂ ಅದೇ ಬೀದಿಯ ಇನ್ನು ಮೂವರು ಹೆಂಗಸರೂ ಸೇರಿ ಸುತ್ತಲ ಊರುಗಳ ಮದುವೆಗಳಿಗೆ ಸೋಬಾನೆ ಹೇಳುತ್ತ ಬಂದಿದ್ದಾರೆ. ಅರಿಶಿನ ಹಚ್ಚುವುದಕ್ಕೊಂದು, ಹಸೆಗೆ ಕರೆಯುವುದಕ್ಕೊಂದು, ಬೀಗರನ್ನು ಹಾಸ್ಯ ಮಾಡುವುದಕ್ಕೊಂದು, ಕಡೆಗೆ ಹೆಣ್ಣು ಒಪ್ಪಿಸುವುದಕ್ಕೊಂದು. ಇಬ್ಬರು ಒಂದು ಸೊಲ್ಲು ಹೇಳಿದರೆ ಇನ್ನಿಬ್ಬರು ಅದನ್ನೇ ತಿರುಗಿ ಹೇಳುತ್ತಾರೆ. ಯಾರೂ ಬರೆದುಕೊಂಡಿಲ್ಲ. ಹೋದ ವರ್ಷದಿಂದ ದೊಡ್ಡವ್ವನಿಗೆ ಉಬ್ಬಸ ಜಾಸ್ತಿಯಾಗಿದೆ. ಅವಳ ಮೊಮ್ಮಗಳ ಮದುವೆ ಮೂರು ತಿಂಗಳಲ್ಲಿ ಗೊತ್ತಾಗಿತ್ತು. ಅಷ್ಟರೊಳಗೆ ಈ ನಾಲ್ವರ ದನಿ ಒಂದು ಕಡೆ ಉಳಿಯಬೇಕು ಎಂಬುದಷ್ಟೇ ನನ್ನ ಆಸೆ.

ಮೈಕಿನಿಂದ ಶುರು ಮಾಡೋಣ. ಮೈಕುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಡೈನಾಮಿಕ್. ತಂತಿ ಸುರುಳಿಯೊಂದು ಅಯಸ್ಕಾಂತದ ನಡುವೆ ಅಲುಗಾಡಿ ವಿದ್ಯುತ್ ಹುಟ್ಟಿಸುವ ಸರಳ ಕಟ್ಟು. ಆರ್ಕೆಸ್ಟ್ರಾ ವೇದಿಕೆಯಿಂದ ಹರಿಕಥೆಯವರೆಗೆ ಎಲ್ಲೆಲ್ಲೂ ಕಾಣುವ ಶೂರ್ ಎಸ್‌ಎಂ58 ಇದೇ ಜಾತಿ; 1966ರಿಂದ ಹೆಚ್ಚುಕಮ್ಮಿ ಅದೇ ರೂಪದಲ್ಲಿದೆ. ಬಾಯಿಗೆ ಹತ್ತಿರ ಹಿಡಿದರೆ ಚೆನ್ನಾಗಿ ಕೇಳಿಸಿಕೊಳ್ಳುತ್ತದೆ, ದೂರದ ಗಲಾಟೆಯನ್ನು ಅಷ್ಟಾಗಿ ಹಚ್ಚಿಕೊಳ್ಳುವುದಿಲ್ಲ. ಇನ್ನೊಂದು ಕಂಡೆನ್ಸರ್. ತೆಳುವಾದ ಪೊರೆಯ ಕಂಪನವನ್ನು ಹಿಡಿಯುವ ಇದಕ್ಕೆ ಸಾಮಾನ್ಯವಾಗಿ ಇಂಟರ್‌ಫೇಸಿನಿಂದ 48 ವೋಲ್ಟ್ ಬೇಕು. ಇದು ಉಸಿರನ್ನೂ ಕೇಳಿಸಿಕೊಳ್ಳುತ್ತದೆ, ಬಳೆಯ ಸದ್ದನ್ನೂ ಕೇಳಿಸಿಕೊಳ್ಳುತ್ತದೆ, ಹಿತ್ತಲಲ್ಲಿ ಹಸು ಮೆಲುಕು ಹಾಕುವುದನ್ನೂ ಬಿಡುವುದಿಲ್ಲ. ಪುಸ್ತಕದ ಪ್ರಕಾರ ಹಾಡಿನ ಸೂಕ್ಷ್ಮ ಬೇಕೆಂದರೆ ಕಂಡೆನ್ಸರ್ ಒಳ್ಳೆಯದು. ಆದರೆ ಸೂಕ್ಷ್ಮವೆಂದರೆ ಏನು ಅಂತ ಪುಸ್ತಕ ಹೇಳುವುದಿಲ್ಲ. ಬಳೆಯ ಸದ್ದು ಗಲಾಟೆಯೋ, ಹಾಡಿನ ಭಾಗವೋ?

ಇಂಟರ್‌ಫೇಸಿನ ಕೆಲಸ ಅಲೆಯನ್ನು ಅಂಕಿಯಾಗಿಸುವುದು. ಒಂದು ಸೆಕೆಂಡಿಗೆ 48,000 ಸಲ ದನಿಯನ್ನು ಅಳೆದು, ಪ್ರತಿ ಅಳತೆಯನ್ನೂ 24 ಬಿಟ್‌ಗಳಲ್ಲಿ ಬರೆದಿಡುತ್ತದೆ. ಒಂದು ಬಿಟ್ ಹೆಚ್ಚಿದರೆ ಸುಮಾರು 6 ಡೆಸಿಬೆಲ್ ಅವಕಾಶ ಹೆಚ್ಚುತ್ತದೆ. ಹಾಗಾಗಿ 16 ಬಿಟ್‌ನಲ್ಲಿ 96 ಡೆಸಿಬೆಲ್, 24ರಲ್ಲಿ ಲೆಕ್ಕದ ಪ್ರಕಾರ 144. ಇದರ ಪ್ರಯೋಜನ ಏನೆಂದರೆ ದನಿಯನ್ನು ತುಸು ಮೆಲ್ಲಗೇ ರೆಕಾರ್ಡ್ ಮಾಡಿಕೊಂಡು ಆಮೇಲೆ ಏರಿಸಬಹುದು; ಯಾರಾದರೂ ಇದ್ದಕ್ಕಿದ್ದಂತೆ ಗಟ್ಟಿಯಾಗಿ ಎತ್ತಿದರೆ ದನಿ ಒಡೆಯುವುದಿಲ್ಲ. ಹೀಗೆ ಎರಡು ಚಾನೆಲ್‌ಗಳಲ್ಲಿ ಬರೆದರೆ ನಿಮಿಷಕ್ಕೆ 17 ಎಂಬಿ ಚಿಲ್ಲರೆ, ಗಂಟೆಗೆ ಸುಮಾರು 1 ಜಿಬಿ. ಒಂದು ಇಡೀ ರಾತ್ರಿಯ ಸೋಬಾನೆ ಹೆಬ್ಬೆರಳಿನ ಉಗುರಿನಷ್ಟಿರುವ ಕಾರ್ಡಿನಲ್ಲಿ ಕೂರುತ್ತದೆ.

ಸಾಫ್ಟ್‌ವೇರಿನ ವಿಷಯದಲ್ಲಿ ಬಡವರಿಗೆ ಈ ಕಾಲ ಒಳ್ಳೆಯದು. ಆಡಾಸಿಟಿ ಪೂರ್ತಿ ಪುಕ್ಕಟೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಡೊಮಿನಿಕ್ ಮಜೋನಿ ಮತ್ತು ರೋಜರ್ ಡ್ಯಾನೆನ್‌ಬರ್ಗ್ ಕಟ್ಟಿ 2000ದಲ್ಲಿ ಬಿಡುಗಡೆ ಮಾಡಿದ್ದು. ರೀಪರ್ ಇನ್ನೊಂದು. ಒಂದು ಕಾಲಕ್ಕೆ ಕಂಪ್ಯೂಟರ್ ಸೆಂಟರುಗಳಲ್ಲೆಲ್ಲ ಹಾಡುತ್ತಿದ್ದ ವಿನ್ಆಂಪ್ ಅನ್ನು ಬರೆದ ಜಸ್ಟಿನ್ ಫ್ರಾಂಕೆಲ್ ಅವರೇ ಇದನ್ನೂ ಬರೆದವರು. 60 ದಿನ ಏನೂ ಕೊಡದೆ ಬಳಸಿ ನೋಡಬಹುದು, ಆಮೇಲೆ ಸ್ವಂತ ಬಳಕೆಯವರಿಗೆ 60 ಡಾಲರ್. ಆಪಲ್ ಕಂಪ್ಯೂಟರ್ ಇದ್ದವರಿಗೆ ಗ್ಯಾರೇಜ್‌ಬ್ಯಾಂಡ್ ಜೊತೆಗೇ ಬರುತ್ತದೆ. ದೊಡ್ಡ ಸ್ಟುಡಿಯೋಗಳಲ್ಲಿ ಪ್ರೋ ಟೂಲ್ಸ್, ಕ್ಯೂಬೇಸ್, ಲಾಜಿಕ್ ಇವುಗಳ ಹೆಸರು ಕೇಳುತ್ತೇವೆ. ನಾನು ಆಡಾಸಿಟಿಯನ್ನೂ ರೀಪರನ್ನೂ ಇಳಿಸಿಕೊಂಡು ಎರಡು ವಾರ ಕೂತೆ.

ಇಲ್ಲಿ ಒಂದು ವಿಷಯ ಗಮನಕ್ಕೆ ಬಂತು. ಇಂಥ ಬಹುತೇಕ ಸಾಫ್ಟ್‌ವೇರುಗಳನ್ನು ತೆರೆದರೆ, ನೀವು ಏನೂ ಹೇಳುವ ಮುಂಚೆಯೇ ಅವು ಒಂದು ತಾಳವನ್ನು ಇಟ್ಟುಕೊಂಡು ಕೂತಿರುತ್ತವೆ. ನಿಮಿಷಕ್ಕೆ 120 ಪೆಟ್ಟು, ನಾಲ್ಕಕ್ಕೊಂದು ಗೆರೆ. ಖಾಲಿ ಪರದೆಯ ಮೇಲೆ ಆ ಗೆರೆಗಳು ನಾಟಿಗೆ ಹಗ್ಗ ಹಿಡಿದ ಗದ್ದೆಯ ಹಾಗೆ ಸಾಲಾಗಿರುತ್ತವೆ. ಹಾಡು ಬಂದು ಆ ಸಾಲಿನಲ್ಲಿ ನಿಲ್ಲಬೇಕು. ಬೇಡವೆಂದರೆ ಗೆರೆಗಳನ್ನು ತೆಗೆದು ಬರೀ ನಿಮಿಷ-ಸೆಕೆಂಡುಗಳನ್ನು ಇಟ್ಟುಕೊಳ್ಳಬಹುದು. ಆದರೆ ಬೇಡ ಅಂತ ನಾವಾಗಿ ಹೇಳಬೇಕು. ಸುಮ್ಮನಿದ್ದರೆ ತಾಳ ಇದ್ದೇ ಇರುತ್ತದೆ.

ಯಂತ್ರ ಹಾಡನ್ನು ತನ್ನ ಅಳತೆಗೆ ಬಗ್ಗಿಸುವುದು ಹೊಸತೇನಲ್ಲ. 1902ರಲ್ಲಿ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ದನಿಯನ್ನು ತಟ್ಟೆಯ ಮೇಲೆ ಹಿಡಿದಾಗ, ಒಂದು ತಟ್ಟೆಗೆ ಹಿಡಿಸುತ್ತಿದ್ದದ್ದು ಸುಮಾರು ಮೂರು ನಿಮಿಷ. ಗಂಟೆಗಟ್ಟಲೆ ಹಾಡುವ ರಾಗವನ್ನು ಆಕೆ ಅಷ್ಟರಲ್ಲಿ ಕಟ್ಟಿಕೊಟ್ಟರು. ಕೊನೆಯಲ್ಲಿ ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳುತ್ತಿದ್ದರು. ದೂರದ ಜರ್ಮನಿಯಲ್ಲಿ ತಟ್ಟೆ ಒತ್ತುವವರಿಗೆ ಇದು ಯಾರ ಹಾಡು ಅಂತ ತಿಳಿಯಲಿ ಎಂದು. ಆ ಗೌಹರ್ ಜಾನ್ ಕೊನೆಗಾಲಕ್ಕೆ ಬಂದು ನೆಲೆಸಿದ್ದು ನಮ್ಮ ಮೈಸೂರಿನಲ್ಲಿ, ತೀರಿಕೊಂಡದ್ದೂ ಇಲ್ಲೇ, 1930ರ ಜನವರಿಯಲ್ಲಿ. ಅದಾಗಿ ಐದು ವರ್ಷಕ್ಕೆ, 1935ರಲ್ಲಿ, ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು ಅದೇ ಮೈಸೂರಿನ ತಮ್ಮ ಮನೆಯಲ್ಲಿ 30 ವ್ಯಾಟಿನ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಬಾನುಲಿ ಶುರು ಮಾಡಿದರು. ಅದಕ್ಕಿದ್ದ ಆಕಾಶವಾಣಿ ಎಂಬ ಹೆಸರೇ ಮುಂದೆ ಇಡೀ ದೇಶದ ಬಾನುಲಿಯ ಹೆಸರಾಯಿತು. ಮನೆಯ ಸ್ಟುಡಿಯೋ ಎಂಬುದು ಈ ಜಿಲ್ಲೆಗೆ ಇವತ್ತು ಬಂದದ್ದಲ್ಲ ಅಂತ ಹೆಮ್ಮೆಯಿಂದ ಹೇಳಿಕೊಳ್ಳಬಹುದು. ಮನೆಯ ದೀಪದ ಬಲ್ಬಿನಷ್ಟು ಶಕ್ತಿಯ ಯಂತ್ರದಿಂದ ಶುರುವಾದದ್ದು ಅದು.

ಇನ್ನು ನರಸೀಪುರದಲ್ಲಿ ಕೂತು ದನಿಯ ಮಾತಾಡುವವರು ಪಿಟೀಲು ಚೌಡಯ್ಯನವರನ್ನು ನೆನೆಯದೆ ಇರಲಾಗದು. ಹೊಳೆಯ ಆಚೆ ದಡದ ತಿರುಮಕೂಡಲಿನಲ್ಲಿ 1895ರಲ್ಲಿ ಹುಟ್ಟಿದವರು, ಬಿಡಾರಂ ಕೃಷ್ಣಪ್ಪನವರ ಶಿಷ್ಯರು. ಮೈಕು ಇನ್ನೂ ಬಂದಿರದ ಕಾಲ. ಪಿಟೀಲಿನ ದನಿ ಸಭೆಯ ಹಿಂದಿನ ಸಾಲಿಗೆ ಮುಟ್ಟುತ್ತಿಲ್ಲ ಎಂಬುದು ಅವರ ಚಿಂತೆ. ನಾಲ್ಕು ತಂತಿಯ ವಾದ್ಯಕ್ಕೆ ಅವರು ಇನ್ನು ಮೂರು ಸೇರಿಸಿ ಏಳು ತಂತಿಯದನ್ನು ಮಾಡಿಸಿಕೊಂಡರು. ದನಿ ತುಂಬಿಕೊಂಡಿತು. ಜೊತೆಗೆ ಶ್ರುತಿ ಕೂಡಿಸುವುದೂ ಬೆರಳಿಡುವುದೂ ಕಷ್ಟವಾಯಿತು, ಆ ಕಷ್ಟವನ್ನು ಅವರು ಸಾಧಕದಿಂದ ದಾಟಿದರು. ಚೌಡಯ್ಯನವರ ಈ ಕತೆಯಲ್ಲಿ ನನಗೆ ಇಷ್ಟವಾಗುವುದು ಅವರು ಮೊದಲು ಕೇಳಿಕೊಂಡ ಪ್ರಶ್ನೆ. ಯಾವ ವಾದ್ಯ ಸಿಗುತ್ತದೆ ಅಂತಲ್ಲ, ಯಾರಿಗೆ ಕೇಳಬೇಕು ಅಂತ. ಹಿಂದಿನ ಸಾಲಿನಲ್ಲಿ ಕೂತವನಿಗಾಗಿ ಅವರು ತಂತಿ ಕಟ್ಟಿದರು.

ಆ ಪ್ರಶ್ನೆಯನ್ನು ನನ್ನ ಪಟ್ಟಿಗೂ ಕೇಳಬೇಕಿತ್ತು. ಅದಕ್ಕೆ ಮೊದಲು ಕೋಣೆ ನೋಡಿದೆ.

ನಂಜನಗೂಡಿನ ನನ್ನ ಮನೆ ಆರ್‌ಸಿಸಿಯದು. ನಾಲ್ಕೂ ಗೋಡೆ ನುಣ್ಣಗೆ, ಎದುರುಬದುರು. ಚಪ್ಪಾಳೆ ತಟ್ಟಿದರೆ ಗೋಡೆಯಿಂದ ಗೋಡೆಗೆ ಅದು ಓಡಾಡುವುದು ಕೇಳುತ್ತದೆ. ಬೆಳಗಿನ ಜಾವ ಗುಡಿಯ ಮೈಕು, ಅದು ನಿಂತರೆ ಊಟಿ ರಸ್ತೆಯ ಲಾರಿ, ಅದರ ನಡುವೆ ಚಾಮರಾಜನಗರದ ರೈಲು. ದೊಡ್ಡವ್ವನದು ಹೆಂಚಿನ ಮನೆ, ಮಣ್ಣಿನ ದಪ್ಪ ಗೋಡೆ. ನಡುಮನೆಯಲ್ಲಿ ಒಂದು ಕಡೆ ಗೋಡೆಯುದ್ದಕ್ಕೂ ಭತ್ತದ ಮೂಟೆ ಪೇರಿಸಿದ್ದರು. ಚಪ್ಪಾಳೆ ತಟ್ಟಿದೆ. ಒಂದೇ ಸಲ ‘ಟಪ್’ ಅಂದು ಸುಮ್ಮನಾಯಿತು. ದೊಡ್ಡ ಸ್ಟುಡಿಯೋಗಳಲ್ಲಿ ಮೂಲೆಗೆ ದಪ್ಪ ದಪ್ಪ ಹತ್ತಿಯ ದಿಂಡು, ಗಾಜಿನ ನಾರಿನ ಹಲಗೆ ಇಡುತ್ತಾರಲ್ಲ, ಆ ಕೆಲಸವನ್ನು ಇಲ್ಲಿ ಭತ್ತ ಮಾಡುತ್ತಿತ್ತು. ಕಾಳಿನ ನಡುವಿನ ಸಂದುಗಳಲ್ಲಿ ಗಾಳಿ ಸಿಕ್ಕಿಕೊಂಡು ತಿಕ್ಕಾಡಿ ಅಲೆಯ ಕಸುವು ಕರಗುತ್ತದೆ. ದಪ್ಪ ಹೆಚ್ಚಾದಷ್ಟೂ ಕೆಳಗಿನ ದನಿಗಳನ್ನೂ ಹೀರುತ್ತದೆ. ಅಣ್ಣನನ್ನು, ಎಂದರೆ ದೊಡ್ಡವ್ವನ ಮಗನನ್ನು, ಈ ಮೂಟೆ ಎಷ್ಟು ದಿನ ಇರುತ್ತವೆ ಅಂತ ಕೇಳಿದೆ. ‘ರೇಟು ಬರೋಗಂಟ’ ಅಂದ. ಅಲ್ಲಿಗೆ ನನ್ನ ಸ್ಟುಡಿಯೋದ ಭವಿಷ್ಯ ಭತ್ತದ ಧಾರಣೆಯ ಕೈಗೆ ಹೋಯಿತು. ಮದುವೆಯ ಖರ್ಚಿಗೆ ಮೂಟೆಗಳು ಹೋಗಲೇಬೇಕಿತ್ತು.

ಆ ಮನೆಯಲ್ಲಿ ಇನ್ನೊಂದು ಪಾಠವೂ ಆಯಿತು. ಲ್ಯಾಪ್‌ಟಾಪನ್ನು ಚಾರ್ಜಿಗೆ ಹಾಕಿದರೆ ರೆಕಾರ್ಡಿಂಗಿನಲ್ಲಿ ಗುಂಯ್ ಎಂಬ ಸದ್ದು. ನಮ್ಮ ಮನೆಗಳಿಗೆ ಬರುವ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ತೂಗುತ್ತದೆ. ಹಳೆಯ ವೈರಿಂಗಿನಲ್ಲಿ ಅರ್ಥಿಂಗ್ ಸರಿಯಾಗಿಲ್ಲದಿದ್ದರೆ ಆ 50, ಅದರ ದುಪ್ಪಟ್ಟು 100, ಹೀಗೆ ಹಾಡಿಗೆ ಬೇಡದ ಶ್ರುತಿಯಾಗಿ ಕೂರುತ್ತದೆ. ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿದರೆ ಸದ್ದು ಮಾಯ. ಹೊಳೆ ಕೂಡುವ ಈ ಜಾಗದಿಂದ ಕೆಳಗೆ ಹೋದ ನೀರೇ ಶಿವನಸಮುದ್ರದಲ್ಲಿ 1902ರಿಂದ ಕರೆಂಟು ಕೊಡುತ್ತಿದೆ. ಅದರ ಗುಂಯ್‌ಕಾರವನ್ನು ದೊಡ್ಡವ್ವನ ಹಾಡಿನಿಂದ ದೂರ ಇಡಲು ನಾನು ಎರಡು ರಾತ್ರಿ ಕಳೆದೆ.

ಈ ನಡುವೆ ಅಣ್ಣ ಒಂದು ಸಲಹೆ ಕೊಟ್ಟ. ಅವನ ಸ್ನೇಹಿತರೊಬ್ಬರು ಭಕ್ತಿಗೀತೆ, ಆರ್ಕೆಸ್ಟ್ರಾ ಹಾಡುಗಳನ್ನು ರೆಕಾರ್ಡ್ ಮಾಡುವ ಚಿಕ್ಕ ಕೋಣೆ ಇಟ್ಟುಕೊಂಡಿದ್ದಾರೆ. ‘ಒಂದಪಾ ಅಲ್ಲಿ ಹಾಡ್ಸಿ ನೋಡು, ಆಮ್ಯಾಲ ದುಡ್ಡು ಸುರಿವಂತೆ’ ಅಂದ. ನಾಲ್ವರನ್ನೂ ಆಟೋದಲ್ಲಿ ಕರೆದುಕೊಂಡು ಹೋದೆವು. ಅಲ್ಲಿಯ ಪದ್ಧತಿಯಂತೆ ಒಬ್ಬೊಬ್ಬರೇ ಒಳಗೆ ಹೋಗಿ, ಹೆಡ್‌ಫೋನ್ ಹಾಕಿಕೊಂಡು, ಅದರಲ್ಲಿ ಬರುವ ಟಿಕ್‌ಟಿಕ್‌ಗೆ ಸರಿಯಾಗಿ ಹಾಡಬೇಕು. ಒಬ್ಬೊಬ್ಬರದೂ ಬೇರೆ ಬೇರೆ ಟ್ರ್ಯಾಕಾದರೆ ಆಮೇಲೆ ಯಾರ ದನಿಯನ್ನು ಬೇಕಾದರೂ ಏರಿಸಬಹುದು, ಇಳಿಸಬಹುದು, ಅಪಸ್ವರ ತಿದ್ದಬಹುದು. ಸಿನಿಮಾ ಹಾಡುಗಳು ಆಗುವುದೇ ಹಾಗೆ.

ದೊಡ್ಡವ್ವ ಎರಡು ನಿಮಿಷಕ್ಕೆ ಹೆಡ್‌ಫೋನು ಕಿತ್ತಿಟ್ಟಳು. ‘ಇದ್ಯಾಕ್ ಮಗ ಕಿವಿ ವಳಗ ಗಡಿಯಾರ ಮಡಗಿದ್ದರಿ?’ ಆ ಹುಡುಗರು ನಗುತ್ತ ಟಿಕ್‌ಟಿಕ್ ಮೆಲ್ಲಗೆ ಮಾಡಿದರು, ತಾಳ್ಮೆಯಿಂದಲೇ ಕೆಲಸ ಮಾಡಿದರು. ಆದರೂ ಹಾಡು ನಿಲ್ಲಲಿಲ್ಲ. ಮಾನಿಟರಿನಲ್ಲಿ ನೋಡುತ್ತ ಕೂತಿದ್ದಾಗ ಕಾರಣ ಹೊಳೆಯಿತು. ಸೋಬಾನೆಯಲ್ಲಿ ಮೊದಲ ಜೋಡಿ ಸೊಲ್ಲನ್ನು ಪೂರ್ತಿ ಮುಗಿಸುವುದಿಲ್ಲ. ಕಡೆಯ ಅಕ್ಷರ ಎಳೆಯುತ್ತಿರುವಾಗಲೇ ಎರಡನೇ ಜೋಡಿ ಅದರ ಮೇಲೆ ಹತ್ತಿಕೊಳ್ಳುತ್ತದೆ. ಆ ಸಂದಿನಲ್ಲೇ ಮೊದಲ ಜೋಡಿ ಉಸಿರು ತೆಗೆದುಕೊಳ್ಳುವುದು. ಉಬ್ಬಸದ ದೊಡ್ಡವ್ವ ಈಗ ಆ ಕಡೆಯ ಅಕ್ಷರಕ್ಕೆ ಮುಟ್ಟುವುದೇ ಇಲ್ಲ. ಒಂದು ಹೆಜ್ಜೆ ಹಿಂದೆಯೇ ಅವಳ ದನಿ ಕಂದುತ್ತದೆ. ಎದುರು ಕೂತ ಅತ್ತೆ ಅದನ್ನು ಬಲ್ಲರು, ಅಷ್ಟು ಮುಂಚೆಯೇ ಎತ್ತಿಕೊಳ್ಳುತ್ತಾರೆ. ಕೇಳುವವರಿಗೆ ಏನೂ ತಿಳಿಯುವುದಿಲ್ಲ. ಒಬ್ಬಳೇ ಮೈಕಿನ ಮುಂದೆ ನಿಂತಾಗ ಮಾತ್ರ ಪ್ರತಿ ಸಾಲಿನ ತುದಿಯಲ್ಲೂ ಅವಳ ಸೋಲು ಕಾಣುತ್ತದೆ, ಪರದೆಯ ಮೇಲೆ ಗೆರೆ ಸಣ್ಣಗಾಗಿ ಅಳಿಸಿಹೋಗುತ್ತದೆ.

ಇಡೀ ರಾತ್ರಿ ಹಾಡಬೇಕಾದವರು ಕಟ್ಟಿಕೊಂಡ ಏರ್ಪಾಡು ಅದು. ಯಾರೊಬ್ಬರಿಗೂ ಪೂರ್ತಿ ಉಸಿರು ಇರಬೇಕಾಗಿಲ್ಲ. ನಾಲ್ವರದೂ ಕೂಡಿದರೆ ಒಂದು ಹಾಡಿಗೆ ಸಾಕು. ನಾಲ್ಕು ಟ್ರ್ಯಾಕ್ ಮಾಡಿದರೆ ನಾಲ್ಕು ಅರೆ ಹಾಡುಗಳು ಸಿಗುತ್ತವೆ.

ಹೆಡ್‌ಫೋನಿನಲ್ಲಿ ಒಬ್ಬರ ದನಿ ಇನ್ನೊಬ್ಬರಿಗೆ ಕೇಳಿಸಿ ಹಾಡಿಸಬಹುದಲ್ಲ ಎಂದು ನೀವು ಕೇಳಬಹುದು. ಅದಕ್ಕೂ ಒಂದು ಲೆಕ್ಕವಿದೆ. ಕಂಪ್ಯೂಟರ್ ದನಿಯನ್ನು ಕಂತಿನಲ್ಲಿ ಓದುತ್ತದೆ. ಒಂದು ಕಂತಿಗೆ 256 ಅಳತೆ ಎಂದಿಟ್ಟರೆ 5 ಮಿಲಿಸೆಕೆಂಡು ಚಿಲ್ಲರೆ ತಡ. 1,024 ಎಂದಿಟ್ಟರೆ 21. ದನಿ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಅಂದರೆ 5 ಮಿಲಿಸೆಕೆಂಡು ಎರಡು ಮೀಟರಿಗಿಂತ ತುಸು ಕಡಿಮೆ, ಎದುರಿಗೆ ಕೂತು ಹಾಡಿದಂತೆ. 21 ಎಂದರೆ ಏಳು ಮೀಟರ್, ಬೀದಿಯ ಆಚೆಯಿಂದ ಹಾಡಿದಂತೆ. ಇದು ಒಳಬರುವ ದಾರಿಯದು ಮಾತ್ರ, ಹೊರಹೋಗುವ ದಾರಿಯದು ಬೇರೆ. ಹಳೆಯ ಲ್ಯಾಪ್‌ಟಾಪಿನಲ್ಲಿ ಕಂತು ಚಿಕ್ಕದು ಮಾಡಿದರೆ ದನಿ ಕಟಕಟ ಒಡೆಯುತ್ತದೆ. ಒಳ್ಳೆಯ ಇಂಟರ್‌ಫೇಸುಗಳು ಇದಕ್ಕೆ ನೇರ ದಾರಿಯೊಂದನ್ನು ಕೊಡುತ್ತವೆ, ನಿಜ. ಆದರೆ ಅತ್ತೆ ಎತ್ತಿಕೊಳ್ಳುವುದು ದೊಡ್ಡವ್ವನ ದನಿ ಕೇಳಿ ಅಲ್ಲ, ಅವಳ ಎದೆ ಇಳಿಯುವುದನ್ನು ನೋಡಿ. ಯಾವ ಕೇಬಲ್ಲೂ ಅದನ್ನು ದಾಟಿಸುವುದಿಲ್ಲ.

ಆ ಕೋಣೆಯ ಹುಡುಗರು ಸಿಕ್ಕ ಸಾಲುಗಳನ್ನೇ ಜೋಡಿಸಿ, ಸ್ವರ ತಿದ್ದಿ, ಕೆಳಗೆ ಕೀಬೋರ್ಡು, ಬೀಟು ಹಾಕಿ ಒಂದು ಹಾಡು ಮಾಡಿಕೊಟ್ಟರು. ಅಣ್ಣನಿಗೆ ಬಹಳ ಹಿಡಿಸಿತು. ಫೋನಿನಲ್ಲಿ ದೊಡ್ಡವ್ವನಿಗೆ ಕೇಳಿಸಿದ. ಅವಳು ತಲೆದೂಗಿ ಪೂರ್ತಿ ಕೇಳಿ, ‘ಚೆಂದಾಗದ. ಯಾರ್ ಹಾಡಿರದು?’ ಅಂದಳು.

ಅವಳು ಗೇಲಿ ಮಾಡಲಿಲ್ಲ, ನಿಜವಾಗಿಯೇ ಕೇಳಿದಳು. ನೀನೇ ಅಂದಾಗ ನಕ್ಕು, ‘ಮದುವ್ಗ ಹಾಕ್ಸಪ್ಪ, ಮಕ್ಳು ಕುಣೀತವ’ ಅಂದಳು. ಮುಂದೆ ಆರತಕ್ಷತೆಯಲ್ಲಿ ಅದನ್ನು ಹಾಕಿದರು, ಮಕ್ಕಳು ಕುಣಿದರು. ಅದರ ಬಗ್ಗೆ ನನ್ನದೇನೂ ತಕರಾರಿಲ್ಲ. ಕುಣಿಯುವುದಕ್ಕೂ ಹಾಡು ಬೇಕು. ಆದರೆ ಉಳಿಯಬೇಕಾದದ್ದು ಯಾವುದು ಎಂಬ ನನ್ನ ಪ್ರಶ್ನೆಗೆ ಅವಳ ಒಂದು ಮಾತಿನಲ್ಲಿ ಉತ್ತರ ಸಿಕ್ಕಿತ್ತು. ಹಾಡಿದವಳಿಗೆ ತನ್ನ ಗುರುತು ಸಿಗಬೇಕು.

ಭತ್ತ ಹೋಗುವ ಮುಂಚೆ ಒಂದು ಭಾನುವಾರ ನಡುಮನೆಯಲ್ಲಿ ನಾಲ್ವರನ್ನೂ ಕೂರಿಸಿದೆ. ಎರವಲು ತಂದ ಒಂದು ಚಿಕ್ಕ ರೆಕಾರ್ಡರು. ಕೈಯಲ್ಲಿ ಹಿಡಿಯುವಂಥದು, ತಲೆಯ ಮೇಲೆ ಎರಡು ಪುಟ್ಟ ಮೈಕುಗಳು ಒಂದರ ಮುಂದೊಂದು ಅಡ್ಡಲಾಗಿ, ಒಂದು ಎಡಕ್ಕೆ ಒಂದು ಬಲಕ್ಕೆ ನೋಡುತ್ತ ಕೂತಿರುತ್ತವೆ. ಜೂಮ್, ಟಾಸ್ಕ್ಯಾಮ್, ಸೋನಿ ಇಂಥವನ್ನು ಮಾಡುತ್ತವೆ. ಇಂಟರ್‌ಫೇಸೂ ಬೇಡ, ಲ್ಯಾಪ್‌ಟಾಪೂ ಬೇಡ, ಎರಡು ಪೆನ್ಸಿಲ್ ಸೆಲ್ಲು ಸಾಕು. ಒಂದು ಜೋಡಿ ಎಡಕ್ಕೆ, ಒಂದು ಜೋಡಿ ಬಲಕ್ಕೆ, ಹಸೆಯ ಮುಂದೆ ಕೂರುವ ಹಾಗೇ ಅರ್ಧ ಬಳೆಯಾಕಾರದಲ್ಲಿ ಕೂತರು. ದನಿ ಏರಿಸಲು ಇಳಿಸಲು ಇಲ್ಲಿ ಗುಂಡಿ ಇಲ್ಲ, ಜನರನ್ನೇ ಸರಿಸಬೇಕು. ದೂರ ಅರ್ಧವಾದರೆ ದನಿ 6 ಡೆಸಿಬೆಲ್ ಏರುತ್ತದೆ ಎಂಬುದು ಲೆಕ್ಕ. ದೊಡ್ಡವ್ವನ ಚಾಪೆಯನ್ನು ಒಂದೂವರೆ ಗೇಣು ಮುಂದಕ್ಕೆ ಎಳೆದೆ. ಗಟ್ಟಿ ದನಿಯ ಪಕ್ಕದ ಮನೆ ಅಕ್ಕ ತಾವಾಗಿಯೇ ಹಿಂದೆ ಸರಿದರು. ನಲವತ್ತು ವರ್ಷ ಮದುವೆ ಮನೆಗಳಲ್ಲಿ ಅವರು ಈ ಸರಿದಾಟವನ್ನು ಯಾರೂ ಹೇಳದೆಯೇ ಮಾಡಿಕೊಂಡು ಬಂದಿದ್ದರು.

ಅವತ್ತು ಹನ್ನೊಂದು ಪದಗಳಾದವು. ಕೊನೆಗೆ ನಾನು ಹೆಣ್ಣು ಒಪ್ಪಿಸುವ ಪದ ಹೇಳಿ ಎಂದೆ. ನಾಲ್ವರೂ ಮುಖ ಮುಖ ನೋಡಿಕೊಂಡರು.

‘ಅದಾಗಕ್ಕಿಲ್ಲ ಕಂದ. ಹೆಣ್ಣು ಮುಂದ ಕೂತಿರಬೇಕು. ಗ್ವಾಡ ನೋಡ್ಕಂಡು ಒಪ್ಸಾ ಪದ ಹೇಳಕಾದದಾ? ಯಾರ್ನ ಒಪ್ಸದು?’

ಇದು ದೊಡ್ಡವ್ವನ ನಿಯಮ. ಎಲ್ಲ ಕಡೆಯೂ ಹೀಗೇ ಇದೆಯೆಂದಲ್ಲ, ಅವಳ ಬಾಯಿಗೆ ಅವಳು ಹಾಕಿಕೊಂಡ ಕಟ್ಟು. ನಾನು ಒತ್ತಾಯ ಮಾಡಲಿಲ್ಲ. ಬಸ್ಸಿನಲ್ಲಿ ನಂಜನಗೂಡಿಗೆ ವಾಪಸ್ಸು ಬರುವಾಗ ಜೇಬಿನ ಪಟ್ಟಿ ತೆಗೆದು ನೋಡಿದೆ. ಅದರಲ್ಲಿದ್ದ ಪ್ರತಿಯೊಂದು ವಸ್ತುವೂ ಹಾಡನ್ನು ಕೋಣೆಯೊಳಗೆ ಕರೆತರಲು ಇದ್ದದ್ದು. ನನಗೆ ಬೇಕಾದ ಹಾಡೋ ಕೋಣೆಗೆ ಬರುವುದಿಲ್ಲ ಅನ್ನುತ್ತಿತ್ತು. ಹಾಗಾದರೆ ಸ್ಟುಡಿಯೋನೇ ಎದ್ದು ಮದುವೆ ಛತ್ರಕ್ಕೆ ಹೋಗಬೇಕು. ಇಂಟರ್‌ಫೇಸು, ದೊಡ್ಡ ಮೈಕು ಎರಡನ್ನೂ ಹೊಡೆದುಹಾಕಿದೆ. ಎರವಲು ತಂದಂಥದೇ ಒಂದು ರೆಕಾರ್ಡರು, ಗಾಳಿಗೆ ತೊಡಿಸುವ ಕೂದಲಿನ ಟೋಪಿ, ಒಂದು ಪುಟ್ಟ ಮುಕ್ಕಾಲಿ ಸ್ಟ್ಯಾಂಡು, ಎರಡು ಮೆಮೊರಿ ಕಾರ್ಡು, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನು. ಎಲ್ಲ ಸೇರಿ ಚೀಟಿ ದುಡ್ಡಿನಲ್ಲಿ ಇನ್ನೂ ಸ್ವಲ್ಪ ಮಿಕ್ಕಿತು. ಸಾಫ್ಟ್‌ವೇರಿಗೆ ಆಡಾಸಿಟಿಯೇ ಸಾಕಾಯಿತು. ನನಗೆ ಬೇಕಾದದ್ದು ಎರಡೇ ಕೆಲಸ: ಮೊದಲೂ ಕೊನೆಯೂ ಕತ್ತರಿಸುವುದು, ಒಟ್ಟು ದನಿಯನ್ನು ಒಂದು ಮಟ್ಟಕ್ಕೆ ಏರಿಸುವುದು.

ಮದುವೆಯ ದಿನ ಧಾರೆ ಮುಗಿದು, ಊಟ ಮುಗಿದು, ಹೆಣ್ಣು ಒಪ್ಪಿಸುವ ಹೊತ್ತು. ರೆಕಾರ್ಡರನ್ನು ಹೂವಿನ ಬುಟ್ಟಿಯ ಪಕ್ಕ ಇಟ್ಟೆ. ದನಿಯ ಮುಳ್ಳು 12 ಡೆಸಿಬೆಲ್‌ನಷ್ಟು ಕೆಳಗೇ ಆಡುವಂತೆ ಮುಂಚೆಯೇ ಹೊಂದಿಸಿದ್ದೆ, ವಾಲಗದವರು ಯಾವಾಗ ಊದುತ್ತಾರೋ ಗೊತ್ತಿಲ್ಲ. ದೊಡ್ಡವ್ವ ಎತ್ತಿದಳು. ಮೊಮ್ಮಗಳು ತಲೆ ತಗ್ಗಿಸಿದಳು. ಮೂರನೇ ಸೊಲ್ಲಿಗೆ ದೊಡ್ಡವ್ವನ ಉಸಿರು ನಡುವೆಯೇ ನಿಂತಿತು, ಅತ್ತೆ ಎತ್ತಿಕೊಂಡರು. ಐದನೆಯದಕ್ಕೆ ಅತ್ತೆಯ ದನಿ ಕಟ್ಟಿತು. ಅದು ಉಬ್ಬಸವಲ್ಲ, ಅಳು. ಆಗ ದೊಡ್ಡವ್ವ, ಅರೆ ಉಸಿರಿನವಳು, ಅವರ ಪಾಲಿನ ಸೊಲ್ಲನ್ನೂ ತಾನೇ ಹೇಳಿ ಮುಗಿಸಿದಳು. ಒಟ್ಟು ನಾಲ್ಕು ನಿಮಿಷದ ಮೇಲೆ ಕೆಲವು ಸೆಕೆಂಡು.

ಮನೆಗೆ ಬಂದು ಕೇಳಿದರೆ ಅದರಲ್ಲಿ ಎಲ್ಲ ಇತ್ತು. ದೂರದ ವಾಲಗ, ಯಾರೋ ಕುರ್ಚಿ ಎಳೆದದ್ದು, ಬೀಗರ ಬಸ್ಸಿನ ಹಾರನ್ನು, ಒಂದು ಮಗು. ಗಲಾಟೆ ತೆಗೆಯುವ ಸವಲತ್ತು ಆಡಾಸಿಟಿಯಲ್ಲಿದೆ. ಬರೀ ಗಲಾಟೆ ಇರುವ ಒಂದು ತುಣುಕನ್ನು ತೋರಿಸಿದರೆ, ಅಂಥದೇ ಸದ್ದನ್ನು ಇಡೀ ಹಾಡಿನಿಂದ ಸೋಸುತ್ತದೆ. ಪ್ರತಿಯೊಂದರ ಮೇಲೆ ಮಾಡಿ ನೋಡಿದೆ. ಛತ್ರದ ಫ್ಯಾನಿನ ಸದ್ದು ಹೋಯಿತು. ಅದರೊಡನೆ ಸೊಲ್ಲಿನ ತುದಿಯ ಉಸಿರುಗಳೂ ಹೋದವು. ಉಸಿರಿಗೂ ಫ್ಯಾನಿನ ಗಾಳಿಗೂ ಲೆಕ್ಕದಲ್ಲಿ ಅಂಥ ವ್ಯತ್ಯಾಸವಿಲ್ಲ. ಅಳಿಸಿ, ಮೂಲದ್ದನ್ನೇ ಉಳಿಸಿಕೊಂಡೆ.

ಗೌಹರ್ ಜಾನ್ ಅವರನ್ನು ನೆನೆದು, ಮುಂದಿನ ವಾರ ನಾಲ್ವರಿಂದಲೂ ಅವರವರ ಹೆಸರು ಹೇಳಿಸಿ ಹಾಡಿನ ಕೊನೆಗೆ ಸೇರಿಸಿದೆ. ಜಾನಪದ ಎಂಬ ಒಂದೇ ಪದದ ಕೆಳಗೆ ಇವರು ಹೆಸರಿಲ್ಲದೆ ಕರಗಿಹೋಗಬಾರದು ಅನ್ನುವುದು ನನ್ನ ಹಟ. ಎದುರುಮನೆಯ ಚಿಕ್ಕವ್ವ ಮಾತ್ರ, ‘ನಂದ್ಯಾಕ, ಎದುರುಮನೆಯವಳು ಅಂತ್ಲೇ ಹಾಕು’ ಅಂದು ನಾಚಿ, ಆಮೇಲೆ ಸೆರಗು ಸರಿಮಾಡಿಕೊಂಡು ಪೂರ್ತಿ ಹೆಸರು ಹೇಳಿದರು, ತವರೂರನ್ನೂ ಸೇರಿಸಿ. ಫೈಲುಗಳನ್ನು ಊರಿಗೆಲ್ಲ ಹಂಚಬಾರದೆಂದು ದೊಡ್ಡವ್ವನ ಅಪ್ಪಣೆ. ನಾಲ್ಕು ಮನೆಯ ಮೊಮ್ಮಕ್ಕಳ ಫೋನುಗಳಲ್ಲಿ ಒಂದೊಂದು ಪ್ರತಿ, ಮೂಲದ್ದು ನನ್ನ ಬಳಿ ಎರಡು ಬೇರೆ ಬೇರೆ ಡಿಸ್ಕಿನಲ್ಲಿ. ಆ ಹೆಸರುಗಳನ್ನು ಇಲ್ಲೂ ಬರೆಯುತ್ತಿಲ್ಲ.

ಅವತ್ತು ಹಾಡು ಕೇಳುವಾಗ ಚಿಕ್ಕವ್ವ ಹೆಡ್‌ಫೋನು ಹಾಕಿಕೊಂಡು ಬಹಳ ಹೊತ್ತು ಕಣ್ಣು ಮುಚ್ಚಿ ಕೂತಿದ್ದರು. ಎತ್ತುವ ಜೋಡಿಯವರಲ್ಲ ಅವರು, ಯಾವಾಗಲೂ ತಿರುಗಿ ಹೇಳುವವರು, ಅದರಲ್ಲೂ ಎರಡನೆಯವರು. ‘ನನ್ ದನಿ ಎಲ್ಲದಪ್ಪ?’ ಎಂದು ಕೇಳಿದರು. ಅವತ್ತು ಅವರು ಕೂತಿದ್ದದ್ದು ಎಡತುದಿಯಲ್ಲಿ. ಬಲಗಿವಿಯದನ್ನು ಸ್ವಲ್ಪ ಸರಿಸಿ ಎಡಗಿವಿಯಲ್ಲಿ ಮಾತ್ರ ಕೇಳಿ ಎಂದೆ. ಒಂದು ಸೊಲ್ಲು ಹೋಯಿತು, ಎರಡು ಹೋಯಿತು. ಆಮೇಲೆ ಎಡಗೈಯನ್ನು ಆ ಕಿವಿಯ ಮೇಲೆ ಒತ್ತಿ ಹಿಡಿದು, ‘ಇಲ್ಲಿವ್ನಿ ಕನ’ ಅಂದರು.